ಪಾಸ್‌ಪೋರ್ಟ್ ಇದ್ದ ನಾವು ಬಂದ್ವಿ, ಇಲ್ಲದವರು ಪಕ್ಕಕ್ಕೆ ನಿಂತ್ರು: ವಿದೇಶಾಂಗ ಸಚಿವರಿಗೊಂದು ಬಹಿರಂಗ ಪತ್ರ

ಜುಲೈ 2024

ಮಾನ್ಯ ವಿದೇಶಾಂಗ ಸಚಿವರಿಗೆ, ಹಾಗೇ ಇದನ್ನ ಓದ್ತಿರೋ ಕನ್ನಡದ ಅಣ್ಣ ಅಕ್ಕ ತಮ್ಮ ತಂಗಿಯರಿಗೆ,

ನಮಸ್ಕಾರ.

ಮೊದಲು ಥ್ಯಾಂಕ್ಸ್ ಹೇಳಿಬಿಡ್ತೀನಿ ಸರ್, ಮುಂದೆ ಬರೆದಿರೋದನ್ನ ಓದಿ ಈ ಹುಡುಗಿಗೆ ಉಪಕಾರದ ನೆನಪೇ ಇಲ್ಲ ಅಂತ ಯಾರೂ ಅನ್ಕೋಬಾರ್ದು. ನಾನು ಹಾವೇರಿ ಜಿಲ್ಲೆಯ ಒಂದು ಲಂಬಾಣಿ ತಾಂಡಾದವಳು. 2022ರ ಫೆಬ್ರವರಿ 24ಕ್ಕೆ ರಷ್ಯಾ ಸೈನ್ಯ ಉಕ್ರೇನ್ ಒಳಗೆ ನುಗ್ಗಿದಾಗ ನಾನು ಅದೇ ದೇಶದ ಪಶ್ಚಿಮದ ತುದೀಲಿರೋ ಉಜ್ಗೊರೋದ್ ಅನ್ನೋ ಊರಲ್ಲಿ ಮೆಡಿಕಲ್ ಮೂರನೇ ವರ್ಷ ಓದ್ತಿದ್ದೆ. ಆಪರೇಷನ್ ಗಂಗಾದಲ್ಲಿ ವಾಪಸ್ ಬಂದ ಸುಮಾರು 22,500 ಜನರಲ್ಲಿ ನಾನೂ ಒಬ್ಬಳು. ಗಡಿ ದಾಟಿ ಹಂಗೇರಿ ಕಡೆ ಕಾಲಿಟ್ಟಾಗ ನಿಮ್ಮ ಇಲಾಖೆಯವರು ಒಬ್ಬರು ನನ್ನ ಹೆಸರನ್ನ ಲಿಸ್ಟಲ್ಲಿ ಟಿಕ್ ಮಾಡಿ "ಊಟ ಆಯ್ತಾ" ಅಂತ ಕೇಳಿದ್ರು, ಆ ಟಿಕ್ ಬಿದ್ದ ಕ್ಷಣ ನನ್ನ ಎದೆ ಹೇಗೆ ಹಗುರ ಆಯ್ತು ಅಂತ ನಾನು ಸಾಯೋವರೆಗೂ ಮರೆಯಲ್ಲ. ನನ್ನ ಹೆಸರು ಒಂದು ಲಿಸ್ಟಲ್ಲಿ ಇತ್ತು, ನನ್ನನ್ನ ಕಾಯೋಕೆ ಒಂದು ದೇಶ ಇತ್ತು.

ಈ ಪತ್ರ ಬರೀತಿರೋದು ಆ ಟಿಕ್ ಬೀಳದವರ ಬಗ್ಗೆ.

ಗಡಿ ದಾಟೋಕೆ ಮುಂಚಿನ ರಾತ್ರಿ ನಾವು ಒಂದು ಸ್ಟೇಷನ್ನಿನಲ್ಲಿ ಕೂತಿದ್ವಿ, ಹೆಸರು ಬೇಡ, ಅಲ್ಲಿದ್ದೋರೂ ನಿದ್ದೆಗೆಟ್ಟು ಕೆಲಸ ಮಾಡ್ತಿದ್ರು. ಚಳಿ ಅಂದ್ರೆ ಚಳಿ. ನಮ್ಮ ಪಕ್ಕದಲ್ಲೇ ಒಂದು ಕುಟುಂಬ, ಒಬ್ಬ ಹೆಂಗಸು, ಅವಳ ಅತ್ತೆ ಇರಬೇಕು, ನಾಲ್ಕು ಮಕ್ಕಳು. ಅದ್ರಲ್ಲಿ ಚಿಕ್ಕದು ತಾಯಿ ಸೆರಗು, ಅಂದ್ರೆ ಅವಳ ದೊಡ್ಡ ಶಾಲು, ಎಳೆದು ಎಳೆದು "ಪಾನಿ, ಪಾನಿ" ಅಂತ ಅಳ್ತಿತ್ತು. ನಾನು ತಟ್ಟನೆ ತಿರುಗಿದೆ. ನಮ್ಮ ಮನೇಲಿ ನೀರಿಗೆ ಪಾಣಿ ಅಂತೀವಿ, ನಮ್ಮ ಯಾಡಿ, ಅಂದ್ರೆ ನಮ್ಮಮ್ಮ, ನಂಗೆ ಹಂಗೇ ಕೂಗಿ ನೀರು ತರೋಕೆ ಹೇಳ್ತಿದ್ದಳು. ಬಾಟಲಿ ಕೊಟ್ಟೆ. ಅವರು ರೋಮಾ ಜನ, ಅಂದ್ರೆ ಹೊರಗಿನೋರು ಜಿಪ್ಸಿ ಅಂತ ಕರೆಯೋ ಜನ, ಅಂತ ನಂಗೆ ಗೊತ್ತಿತ್ತು, ಉಜ್ಗೊರೋದ್‌ನಲ್ಲಿ ರಾದ್ವಾಂಕಾ ಅಂತ ಅವರದ್ದೇ ಒಂದು ದೊಡ್ಡ ಕೇರಿ ಇದೆ, ಎರಡೂವರೆ ವರ್ಷ ಅದೇ ಊರಲ್ಲಿದ್ದೆ, ಬಸ್ಸಲ್ಲಿ ನೋಡ್ತಿದ್ದೆ, ಆದ್ರೆ ಒಂದು ದಿನಾನೂ ಮಾತಾಡಿಸಿರಲಿಲ್ಲ. ಸೀನಿಯರ್‌ಗಳು ಮೊದಲ ವಾರಾನೇ ಹೇಳಿದ್ರಲ್ಲ, ಆ ಕಡೆ ಹೋಗ್ಬೇಡ, ಮೊಬೈಲ್ ಹುಷಾರು ಅಂತ. ನಾನೂ ನಂಬಿದ್ದೆ. ತಾಂಡಾದಲ್ಲಿ ಹುಟ್ಟಿದ ನಾನೇ ನಂಬಿದ್ದೆ, ಇದು ನಂಗೆ ಈಗ್ಲೂ ಚುಚ್ಚುತ್ತೆ.

ಆ ರಾತ್ರಿ ನಾವು ಪದಗಳನ್ನ ಹಂಚ್ಕೊಂಡ್ವಿ. ನಾನು ಮೂಗು ಮುಟ್ಟಿ ನಾಕ್ ಅಂದೆ, ಅವಳು ನಖ್ ಅಂದಳು. ಕಿವಿಗೆ ಕಾನ್ ಅಂದ್ರೆ ಅವಳದ್ದೂ ಕಾನ್. ಕಣ್ಣಿಗೆ ಯಖ್ ಅಂದಳು, ಅದು ನಮ್ಮ ಅಕ್ಷಿ. ಕೈ ತೋರಿಸಿ ವಾಸ್ತ್ ಅಂದಳು, ಹಸ್ತ. ಮನುಷ್ಯನಿಗೆ ಮನುಷ್. ಸಾವಿರ ವರ್ಷದ ಹಿಂದೆ ಈ ಉಪಖಂಡ ಬಿಟ್ಟು ಹೋದ ಜನ, ಪರ್ಷಿಯಾ, ಅರ್ಮೇನಿಯಾ, ಗ್ರೀಸು ಎಲ್ಲಾ ದಾಟಿ ಹೋಗಿದ್ದಾರೆ, ಏಳು ಎಂಟು ಒಂಬತ್ತಕ್ಕೆ ಗ್ರೀಕ್ ಪದ ತಗೊಂಡಿದ್ದಾರೆ, ಆದ್ರೆ ಮೈ ಮೇಲಿನ ಕಣ್ಣು ಕಿವಿ ಮೂಗಿಗೆ ತಮ್ಮ ಹಳೇ ಹೆಸರನ್ನೇ ಇಟ್ಕೊಂಡಿದ್ದಾರೆ.

ಬೆಳಿಗ್ಗೆ ಸಾಲು ಮಾಡಿದ್ರು. ನಮ್ಮ ಕೈಲಿ ಪಾಸ್‌ಪೋರ್ಟ್, ಬ್ಯಾಗಿನ ಮೇಲೆ ತ್ರಿವರ್ಣದ ಪೇಪರ್ ಪ್ರಿಂಟು. ಆ ಹೆಂಗಸಿನ ಹತ್ರ ಒಂದು ಮಗುವಿನ ಬರ್ತ್ ಸರ್ಟಿಫಿಕೇಟ್ ಬಿಟ್ರೆ ಬೇರೇನೂ ಇರಲಿಲ್ಲ, ಅವಳದ್ದೇ ಒಂದು ಕಾಗದ ಇರಲಿಲ್ಲ. ಪಕ್ಕಕ್ಕೆ ನಿಲ್ಲಿ ಅಂದ್ರು. ನಮ್ಮ ಸಾಲು ಮುಂದೆ ಹೋಯ್ತು. ಅವರು ದಾಟಿದ್ರಾ, ವಾಪಸ್ ಹೋದ್ರಾ, ನಂಗೆ ಇವತ್ತಿಗೂ ಗೊತ್ತಿಲ್ಲ.

ಸರ್, ಈ ಆಗಸ್ಟ್ 2ಕ್ಕೆ 80 ವರ್ಷ ತುಂಬುತ್ತೆ. 1944ರ ಆಗಸ್ಟ್ 2ರ ರಾತ್ರಿ ಆಶ್ವಿಟ್ಜ್-ಬಿರ್ಕೆನಾವ್ ಕ್ಯಾಂಪಿನಲ್ಲಿ ರೋಮಾ ಮತ್ತು ಸಿಂತಿ (ಜರ್ಮನಿ ಕಡೆಯ ರೋಮಾ ಪಂಗಡ) ಕುಟುಂಬಗಳನ್ನ ಇಟ್ಟಿದ್ದ ಭಾಗವನ್ನ ನಾಜಿಗಳು ಖಾಲಿ ಮಾಡಿದ್ರು, ಉಳಿದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಜನ, ಹೆಚ್ಚಿನೋರು ಮುದುಕರು, ಹೆಂಗಸರು, ಮಕ್ಕಳು, ಒಂದೇ ರಾತ್ರೀಲಿ ಗ್ಯಾಸ್ ಚೇಂಬರ್‌ಗೆ. ಆ ಕ್ಯಾಂಪಿಗೆ ಒಟ್ಟು ಸುಮಾರು 23,000 ರೋಮಾ ಸಿಂತಿ ಜನರನ್ನ ತಂದಿದ್ರು, ಅದ್ರಲ್ಲಿ ಸುಮಾರು 21,000 ಜನ ಸತ್ತರು. ಅದಕ್ಕೇ ಆಗಸ್ಟ್ 2 ಅವರ ನರಮೇಧದ ನೆನಪಿನ ದಿನ. ಉಕ್ರೇನ್ ಸಂಸತ್ತು 2004ರಲ್ಲೇ ಈ ದಿನ ಆಚರಿಸೋ ನಿರ್ಣಯ ಮಾಡ್ತು, ಯುರೋಪಿಯನ್ ಪಾರ್ಲಿಮೆಂಟ್ ಮಾಡಿದ್ದು 2015ರಲ್ಲಿ, ಅಂದ್ರೆ ಇದೊಂದು ವಿಷಯದಲ್ಲಿ ಉಕ್ರೇನ್ 11 ವರ್ಷ ಮುಂದಿತ್ತು. ಅವರ ಭಾಷೇಲಿ ಆ ನರಮೇಧಕ್ಕೆ ಪೊರಾಯ್ಮೋಸ್ ಅಂತಾರೆ, ಕೆಲವರು ಸಮುದಾರಿಪೆನ್ ಅಂತಾರೆ, ಎಲ್ಲರನ್ನೂ ಕೊಲ್ಲೋದು ಅಂತ ಅರ್ಥ.

ಯುರೋಪಿನಾದ್ಯಂತ ಎಷ್ಟು ಜನ ಸತ್ರು ಅಂದ್ರೆ 2 ಲಕ್ಷ ಅಂತಾರೆ, 5 ಲಕ್ಷ ಅಂತಾರೆ. ನಡುವೆ 3 ಲಕ್ಷದ ವ್ಯತ್ಯಾಸ! 3 ಲಕ್ಷ ಮನುಷ್ಯರು ಇದ್ರೋ ಇಲ್ವೋ ಅನ್ನೋದೇ ಲೆಕ್ಕಕ್ಕೆ ಸಿಗದ ಸಾವು ಅದು. ಯಾಕಂದ್ರೆ ಉಕ್ರೇನಿನ ಹಳ್ಳಿಗಳಲ್ಲಿ ಜರ್ಮನ್ ತುಕಡಿಗಳು ರೋಮಾ ಜನರನ್ನ ಊರಾಚೆ ಗುಂಡಿ ಹತ್ರ ನಿಲ್ಲಿಸಿ ಗುಂಡು ಹಾರಿಸಿ ಕೊಂದು ಮುಂದೆ ಹೋಗಿಬಿಡ್ತಿದ್ರು, ಹೆಸರು ಬರೆದುಕೊಂಡೋರು ಯಾರು? ಈಗಿನ ಉಕ್ರೇನಿನ ದಕ್ಷಿಣದಲ್ಲಿ ಬೂಗ್ ನದಿ ದಂಡೆಗೆ ಹಿಟ್ಲರ್ ಜೊತೆ ಕೈ ಜೋಡಿಸಿದ್ದ ರೊಮೇನಿಯಾದ ಅಂತೊನೆಸ್ಕು ಸರ್ಕಾರ 1942ರಲ್ಲಿ ಸುಮಾರು 25,000 ರೋಮಾ ಜನರನ್ನ ಓಡಿಸಿತು, ಹಸಿವು, ಚಳಿ, ಟೈಫಸ್ ಜ್ವರ ಸೇರಿ ಸುಮಾರು 11,000 ಜನರನ್ನ ಮುಗಿಸಿದ್ವು. ಟೈಫಸ್ ಬಗ್ಗೆ ನಾನು ಮೈಕ್ರೋಬಯಾಲಜೀಲಿ ಓದಿ ಮಾರ್ಕ್ಸ್ ತಗೊಂಡಿದ್ದೆ, ಹೇನಿನಿಂದ ಹರಡುತ್ತೆ ಅಂತ, ಆದ್ರೆ ನಾನು ಓದ್ತಿದ್ದ ಅದೇ ದೇಶದ ನೆಲದಲ್ಲಿ ಅದು ಯಾರನ್ನ ಕೊಂದಿತ್ತು ಅಂತ ಯಾವ ಲೆಕ್ಚರ್‌ನಲ್ಲೂ ಬರಲಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳ್ಬೇಕು, ಇದು ನಂಗೆ ಬಹಳ ತಡವಾಗಿ ಅರ್ಥ ಆಗಿದ್ದು. ಲೆಕ್ಕ ಇರಲಿಲ್ಲ ಅಂದ್ನಲ್ಲ, ಅದು ಸತ್ತ ಮೇಲಿನ ಮಾತು. ಕೊಲ್ಲೋಕೆ ಮುಂಚೆ ಲೆಕ್ಕ ಚೆನ್ನಾಗೇ ಇತ್ತು. 1899ರಲ್ಲೇ ಮ್ಯೂನಿಕ್ ಪೊಲೀಸರು ರೋಮಾ ಸಿಂತಿ ಜನರ ಮೇಲೆ ನಿಗಾ ಇಡೋಕೆ ಬೇರೆ ಆಫೀಸೇ ತೆರೆದಿದ್ರು, ಫೋಟೋ, ಬೆರಳಚ್ಚು, ವಂಶಾವಳಿ ಎಲ್ಲಾ. ನಾಜಿಗಳ ಕಾಲದಲ್ಲಿ ರಾಬರ್ಟ್ ರಿಟ್ಟರ್ ಅನ್ನೋ ಡಾಕ್ಟರ್, ಹೌದು ಡಾಕ್ಟರ್, ತನ್ನ ತಂಡದ ಜೊತೆ ಕೇರಿ ಕೇರಿ ತಿರುಗಿ ತಲೆ ಅಳೆದು ರಕ್ತ ತೆಗೆದು ಸುಮಾರು 24,000 ಜನರ ಮೇಲೆ ವರದಿ ಬರೆದ, ಆಶ್ವಿಟ್ಜ್‌ಗೆ ರೈಲು ಹತ್ತಿಸೋಕೆ ಆ ವರದಿಗಳೇ ಸಾಕಾದ್ವು. ಅದಕ್ಕೇ ಇವತ್ತಿಗೂ ಎಷ್ಟೋ ರೋಮಾ ಮನೆಗಳಲ್ಲಿ ಜನಗಣತಿಯವರು ಬಾಗಿಲು ತಟ್ಟಿದ್ರೆ ನಾವು ರೋಮಾ ಅಂತ ಹೇಳೋಕೆ ಹೆದರ್ತಾರೆ. ಉಕ್ರೇನಿನ 2001ರ ಜನಗಣತೀಲಿ 47,587 ರೋಮಾ ಅಂತ ಇದೆ, ಸಂಘಟನೆಗಳು 4 ಲಕ್ಷದವರೆಗೂ ಇದ್ದಾರೆ ಅಂತವೆ. ಕೊಲ್ಲೋಕೆ ಎಣಿಸಿದವರು ಕಾಪಾಡೋಕೆ ಎಣಿಸಲಿಲ್ಲ. ಇಷ್ಟೇ ನೋಡಿ ಸರ್ ನನ್ನ ಇಡೀ ಪತ್ರ.

ಎರಡನೇ ಮಹಾಯುದ್ಧ ಮುಗಿದ ಮೇಲೂ ಅನ್ಯಾಯ ನಿಲ್ಲಲಿಲ್ಲ. 1956ರಲ್ಲಿ ಪಶ್ಚಿಮ ಜರ್ಮನಿಯ ಸುಪ್ರೀಂ ಕೋರ್ಟ್ ಇದ್ದ ಹಾಗಿರೋ ಫೆಡರಲ್ ಕೋರ್ಟು, 1943ಕ್ಕೆ ಮುಂಚೆ ಇವರಿಗೆ ಆಗಿದ್ದು ಜನಾಂಗದ ಕಾರಣಕ್ಕಲ್ಲ, ಇವರ ನಡತೆ ಕಾರಣಕ್ಕೆ ಅಂತ ತೀರ್ಪು ಕೊಟ್ಟು ಪರಿಹಾರ ಕೊಡದೆ ಕಳಿಸ್ತು. ನಡತೆ! ಕ್ಯಾಂಪಿಂದ ಜೀವಂತ ಬಂದೋರು, ಮೈ ಮೇಲೆ ನಂಬರ್ ಹಚ್ಚೆ ಇದ್ದೋರು, ಆ ಕೋರ್ಟಿಂದ ಬರಿಗೈಲಿ ಮನೆಗೆ ಹೋದ್ರು. 1980ರ ಈಸ್ಟರ್ ಸಮಯದಲ್ಲಿ ಕೆಲವು ಸಿಂತಿಗಳು, ಅದ್ರಲ್ಲಿ ಕ್ಯಾಂಪಿಂದ ಬದುಕಿ ಬಂದೋರೂ ಇದ್ರು, ದಾಖಾವ್ ಕ್ಯಾಂಪಿನ ಜಾಗದಲ್ಲೇ ಉಪವಾಸ ಕೂತರು, ಆಗ ಜಗತ್ತು ತಿರುಗಿ ನೋಡ್ತು. 1982ರಲ್ಲಿ ಜರ್ಮನಿ ಅದು ನರಮೇಧ ಅಂತ ಒಪ್ಕೊಳ್ತು, ಅಂದ್ರೆ 37 ವರ್ಷ ಆದ ಮೇಲೆ. 2012ರಲ್ಲಿ ಬರ್ಲಿನ್‌ನಲ್ಲಿ ಸ್ಮಾರಕ ಆಯ್ತು, ಒಂದು ದುಂಡನೆ ಕೊಳ, ಮಧ್ಯೆ ತ್ರಿಕೋನದ ಕಲ್ಲು, ಅದರ ಮೇಲೆ ದಿನಾ ಒಂದು ಹೊಸ ಹೂವು ಇಡ್ತಾರೆ. ಝೆಕ್ ದೇಶದ ಲೆಟಿಯಲ್ಲಿ ರೋಮಾ ಜನರನ್ನ ಕೂಡಿ ಹಾಕಿದ್ದ ಕ್ಯಾಂಪಿನ ಜಾಗದಲ್ಲಿ ಎಷ್ಟೋ ವರ್ಷ ಹಂದಿ ಸಾಕೋ ದೊಡ್ಡ ಫಾರಂ ಇತ್ತು ಸರ್, ಮಕ್ಕಳು ಸತ್ತ ನೆಲದ ಮೇಲೆ ಹಂದಿ ಫಾರಂ, ಅದನ್ನ ತೆಗೆಸೋಕೆ ಜನ ದಶಕಗಳ ಕಾಲ ಹೋರಾಡಿ, ಸರ್ಕಾರ ಅದನ್ನ ಕೊಂಡು ಒಡೆಸಿ, ಸ್ಮಾರಕ ತೆರೆದಿದ್ದು ಈ ವರ್ಷ, ಮೊನ್ನೆ ಮೊನ್ನೆ. ನೆನಪಿಗೂ ಹೋರಾಟ ಮಾಡ್ಬೇಕು ಇವರು.

ಈಗ ಕೀವ್‌ಗೆ ಬರೋಣ. ಬಾಬಿನ್ ಯಾರ್ ಅನ್ನೋ ಕೊರಕಲಿನ ಹೆಸರು ನೀವು ಕೇಳಿರ್ತೀರ, 1941ರ ಸೆಪ್ಟೆಂಬರ್ 29 ಮತ್ತು 30, ಎರಡೇ ದಿನದಲ್ಲಿ 33,771 ಯಹೂದಿಗಳನ್ನ ಕೊಂದ ಜಾಗ. ಅದೇ ಜಾಗದಲ್ಲಿ ರೋಮಾ ಜನರನ್ನೂ ಕೊಂದಿದ್ದಾರೆ. ಅವರ ನೆನಪಿಗೆ ಕಬ್ಬಿಣದ ಒಂದು ಗಾಡಿ ಮಾಡಿಸಿದ್ರು, ಕಿಬಿಟ್ಕಾ ಅಂತಾರೆ, ಮೇಲೆ ಕಮಾನು ಇರೋ ಎತ್ತಿನ ಗಾಡಿ ಥರ, ನಮ್ಮ ಸಂತೆಗೆ ಬರ್ತಿದ್ದ ಗಾಡಿ ಥರಾನೇ. ಆದ್ರೆ ಅಲ್ಲಿಡೋಕೆ ಅನುಮತಿ ಸಿಗದೆ ಅದು ವರ್ಷಗಟ್ಟಲೆ ಬೇರೆ ಊರಲ್ಲಿ ಕಾದು, ಕೊನೆಗೆ 2016ರಲ್ಲಿ ಬಾಬಿನ್ ಯಾರ್‌ಗೆ ಬಂತು. ಅಲೆಮಾರಿ ಅಂತ ಕರೆಸ್ಕೊಂಡ ಜನರ ಸ್ಮಾರಕ ಕೂಡ ಜಾಗ ಹುಡುಕ್ತಾ ಅಲೀಬೇಕಾಯ್ತು.

2022ರ ಮಾರ್ಚ್ 1 ನಂಗೆ ಎರಡು ಕಾರಣಕ್ಕೆ ನೆನಪಿದೆ. ಅವತ್ತು ಖಾರ್ಕಿವ್‌ನಲ್ಲಿ ನಮ್ಮದೇ ಜಿಲ್ಲೆಯ ಚಳಗೇರಿಯ ಹುಡುಗ, ನನ್ನ ಹಾಗೇ ಮೆಡಿಕಲ್ ಓದ್ತಿದ್ದೋರು, ದಿನಸಿ ತರೋಕೆ ಅಂತ ಹೋಗಿ ದಾಳೀಲಿ ಹೋಗಿಬಿಟ್ರು. ಅವತ್ತೇ ಕೀವ್‌ನಲ್ಲಿ ಬಾಬಿನ್ ಯಾರ್ ಪಕ್ಕದ ಟಿವಿ ಟವರ್ ಮೇಲೆ ರಷ್ಯಾದ ಕ್ಷಿಪಣಿ ಬಿತ್ತು, 5 ಜನ ಸತ್ತರು. ಚಳಗೇರಿಗೆ ಮುಖ್ಯಮಂತ್ರಿಗಳು ಬಂದ್ರು, ಪ್ರಧಾನಿಗಳು ಫೋನ್ ಮಾಡಿದ್ರು, ಇಪ್ಪತ್ತು ದಿನ ಆದ್ಮೇಲೆ ದೇಹ ಊರಿಗೆ ಬಂತು, ಅಪ್ಪ ಅಮ್ಮ ಆ ದುಃಖದಲ್ಲೂ ದಾವಣಗೆರೆ ಮೆಡಿಕಲ್ ಕಾಲೇಜಿಗೆ ದೇಹದಾನ ಮಾಡಿದ್ರು, ನಮ್ಮ ತಾಂಡಾದೋರೂ ಸಾಲು ನಿಂತು ಕಣ್ಣೀರು ಹಾಕಿದ್ರು. ಆಗ್ಲೇಬೇಕಿತ್ತು, ಅಷ್ಟು ಮರ್ಯಾದೆ ಪ್ರತಿ ಸಾವಿಗೂ ಆಗ್ಬೇಕು. ಆ ಯುದ್ಧದಲ್ಲಿ ಕಾಗದ ಇಲ್ಲದ ಒಬ್ಬ ರೋಮಾ ಸತ್ರೆ ಅವನ ಮನೆಯೋರಿಗೆ ಡೆತ್ ಸರ್ಟಿಫಿಕೇಟ್ ಹೇಗೆ ಸಿಗುತ್ತೆ ಸರ್? ಹುಟ್ಟೇ ದಾಖಲಾಗದವನ ಸಾವನ್ನ ಯಾವ ಕೌಂಟರ್‌ನಲ್ಲಿ ಬರೆಸ್ತಾರೆ?

ಕಾಗದ ಯಾಕಿಲ್ಲ ಅಂತ ನೀವು ಕೇಳ್ಬಹುದು, ನಾನೂ ಕೇಳಿದ್ದೆ. ಅಜ್ಜ ಸೋವಿಯತ್ ಕಾಲದ ಪಾಸ್‌ಪೋರ್ಟ್ ಇಟ್ಕೊಂಡು ಹೊಸದು ಮಾಡಿಸಲಿಲ್ಲ, ಅಜ್ಜನಿಗೆ ಇಲ್ಲ ಅಂತ ಅಮ್ಮನಿಗೆ ಆಗಲಿಲ್ಲ, ಅಮ್ಮನಿಗೆ ಇಲ್ಲ ಅಂತ ಮಗುವಿಗೆ ಆಗಲಿಲ್ಲ, ಆಫೀಸಿಗೆ ಹೋದ್ರೆ ವಿಳಾಸ ಕೇಳ್ತಾರೆ, ಕೇರಿಯ ಮನೆಗೆ ವಿಳಾಸಾನೇ ಇಲ್ಲ. ನಮ್ಮ ತಾಂಡಾಗಳಿಗೆ ಕಂದಾಯ ಗ್ರಾಮ ಅನ್ನೋ ಪಟ್ಟ ಸಿಗೋಕೆ ಎಷ್ಟು ವರ್ಷ ಹಿಡೀತು ಅಂತ ಗೊತ್ತಿರೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಅಲ್ಲದೆ ಅಲೆಮಾರಿ ಅನ್ನೋದು ಈಗ ಅವರಿಗೆ ಹೊಂದೋ ಮಾತೇ ಅಲ್ಲ, ಸೋವಿಯತ್ ಸರ್ಕಾರ 1956ರಲ್ಲೇ ಅಲೆದಾಟ ನಿಷೇಧ ಮಾಡಿತ್ತು, ಬಹುಪಾಲು ಜನ ತಲೆಮಾರುಗಳಿಂದ ಒಂದೇ ಊರಲ್ಲಿ ನೆಲೆ ನಿಂತಿದ್ದಾರೆ.

ಯುದ್ಧ ಬಂದಾಗ ಜಗತ್ತಿಗೆ ಉಕ್ರೇನಿನ ರೋಮಾ ಜನ ಮೊದಲು ಹೇಗೆ ಪರಿಚಯ ಆದ್ರು ಗೊತ್ತಾ, ಖೆರ್ಸೋನ್ ಕಡೆ ಲ್ಯುಬಿಮಿವ್ಕಾ ಹತ್ರ ಅವರು ರಷ್ಯಾದ ಟ್ಯಾಂಕನ್ನೇ ಕದ್ದರಂತೆ ಅನ್ನೋ ಸುದ್ದಿಯಿಂದ. ನಮ್ಮ ಕಾಲೇಜ್ ಗ್ರೂಪಲ್ಲೂ ಬಂತು, ಎಲ್ಲರೂ ನಕ್ಕು ಹಾರ್ಟ್ ಒತ್ತಿದ್ರು. ಹೊಗಳಿಕೇನೇ ಅದು, ಆದ್ರೆ ಹೊಗಳೋಕೂ ಕಳ್ಳತನಾನೇ ಬೇಕಾಯ್ತು. ಅದೇ ಮಾರ್ಚ್ ತಿಂಗಳಲ್ಲಿ ಲ್ವಿವ್‌ನಲ್ಲಿ ಕೆಲವು ರೋಮಾ ಜನರನ್ನ, ಹೆಂಗಸರೂ ಸೇರಿ, ಜೇಬು ಕತ್ತರಿಸಿದ್ರು ಅಂತ ಕಂಬಕ್ಕೆ ಕಟ್ಟಿ ಮುಖಕ್ಕೆ ಹಸಿರು ಬಣ್ಣ ಬಳಿದ ಫೋಟೋಗಳು ಬಂದ್ವು. ಆ ಹಸಿರು ನಂಗೆ ಗೊತ್ತು, ಜೆಲ್ಯೋಂಕಾ ಅಂತ ಗಾಯಕ್ಕೆ ಹಚ್ಚೋ ಔಷಧ, ನಮ್ಮ ಹಾಸ್ಟೆಲ್ ಡಬ್ಬೀಲೂ ಇತ್ತು. ಗಾಯಕ್ಕೆ ಹಚ್ಚೋದನ್ನ ಮುಖಕ್ಕೆ ಬಳಿದ್ರು. ಇದು ಯುದ್ಧದ ಗಾಬರೀಲಿ ಆದ ತಪ್ಪು ಅಂತ ಕೆಲವರು ಹೇಳಿದ್ರು, ನಾನು ಒಪ್ಪಲ್ಲ, 2018ರಲ್ಲಿ ಯುದ್ಧದ ಗಾಬರಿ ಇಲ್ಲದ ಅದೇ ಲ್ವಿವ್ ಹೊರವಲಯದಲ್ಲಿ ರೋಮಾ ಬಿಡಾರಕ್ಕೆ ಮುಖಗವಸು ಹಾಕಿದ ಹುಡುಗರು ನುಗ್ಗಿ 24 ವರ್ಷದ ಒಬ್ಬನನ್ನ ಕೊಂದಿದ್ರು. ಹಾಗಂತ ಉಕ್ರೇನನ್ನ ಬೈಯೋಕೆ ಇದನ್ನ ಯಾರೂ ಬಳಸ್ಕೋಬೇಡಿ, ಅದು ನಂಗೆ ಇನ್ನೂ ನೋವು ಕೊಡುತ್ತೆ. ನಂಗೆ ಅನ್ನ ಹಾಕಿದ ದೇಶ ಅದು, ಬಾಂಬ್ ಹಾಕ್ತಿರೋದು ರಷ್ಯಾ, ರೋಮಾ ಮನೆಗಳ ಮೇಲೂ ಅದೇ ಬಾಂಬ್ ಬೀಳ್ತಿರೋದು, ರೋಮಾ ಹುಡುಗರೂ ಅದೇ ಉಕ್ರೇನಿನ ಯೂನಿಫಾರಂ ಹಾಕಿ ಗಡೀಲಿ ನಿಂತಿದ್ದಾರೆ. ತಮ್ಮನ್ನ ಪೂರ್ತಿ ತನ್ನೋರು ಅಂತ ಒಪ್ಪದ ದೇಶಕ್ಕೆ ಜೀವ ಕೊಡ್ತಿದ್ದಾರೆ.

ದೇಶ ಬಿಟ್ಟು ಹೋದೋರಿಗೂ ಅಷ್ಟೇ. 2022ರ ಬೇಸಿಗೆಗೆ ಪ್ರಾಗ್ ಮುಖ್ಯ ರೈಲ್ವೆ ಸ್ಟೇಷನ್ನಿನ ನೆಲದ ಮೇಲೆ ನೂರಾರು ರೋಮಾ ಜನ ಮಕ್ಕಳ ಜೊತೆ ವಾರಗಟ್ಟಲೆ ಮಲಗಿದ್ರು, ಇವರಿಗೆ ಹಂಗೇರಿ ಪೌರತ್ವಾನೂ ಇದೆ, ಇವರು ನಿಜವಾದ ನಿರಾಶ್ರಿತರಲ್ಲ ಅನ್ನೋ ಅನುಮಾನ. ಉಜ್ಗೊರೋದ್ ಇರೋ ಪ್ರಾಂತ್ಯವಾದ ಝಕಾರ್ಪಾತಿಯಾದ ಬೆರೆಹೊವೆ ಕಡೆಯೋರು ಮನೇಲಿ ಹಂಗೇರಿಯನ್ ಮಾತಾಡ್ತಾರೆ, ಅದೊಂದೇ ಸಾಕಾಯ್ತು ಅನುಮಾನ ಪಡೋಕೆ. ಮಾಲ್ಡೋವಾದಲ್ಲಿ ರೋಮಾ ನಿರಾಶ್ರಿತರನ್ನ ಬೇರೆ ಕಟ್ಟಡದಲ್ಲಿ ಇಟ್ರು. ಒಂದೇ ಯುದ್ಧ, ಒಂದೇ ಸೈರನ್, ಆದ್ರೆ ಊಟದ ಸಾಲು ಬೇರೆ.

ಇಷ್ಟರ ಮಧ್ಯೆ ಕೆಲಸ ಮಾಡ್ತಿರೋರನ್ನ ಹೇಳದೆ ಬಿಟ್ರೆ ತಪ್ಪಾಗುತ್ತೆ. ಕೀವ್‌ನಲ್ಲಿ ಚಿರಿಕ್ಲಿ ಅಂತ ರೋಮಾ ಮಹಿಳೆಯರ ಸಂಸ್ಥೆ ಇದೆ. ಚಿರಿಕ್ಲಿ ಅಂದ್ರೆ ಅವರ ಭಾಷೇಲಿ ಹಕ್ಕಿ. ಅವರು ಬೆಳೆಸಿರೋದು ರೋಮಾ ಮೀಡಿಯೇಟರ್ ಅನ್ನೋ ವ್ಯವಸ್ಥೆ, ಅಂದ್ರೆ ಕೇರಿಯ ಹೆಣ್ಮಕ್ಕಳೇ ತರಬೇತಿ ತಗೊಂಡು ಮನೆ ಮನೆಗೆ ಹೋಗಿ ಲಸಿಕೆ, ಬಾಣಂತಿ ಚೆಕಪ್, ಕಾಗದ ಪತ್ರ ಎಲ್ಲಾ ಮಾಡಿಸಿಕೊಡೋದು, ನಮ್ಮ ಆಶಾ ಕಾರ್ಯಕರ್ತೆಯರ ಥರ ಅಂತ ಇಟ್ಕೊಳ್ಳಿ, ಜೊತೆಗೆ ತಾಲೂಕು ಆಫೀಸಿನ ಅಲೆದಾಟಾನೂ ಅವರದ್ದೇ. ರಾದ್ವಾಂಕಾದಲ್ಲಿ ಇಂಥ ಕೆಲಸ ಮಾಡೋ ಒಬ್ಬಳು ನಂಗೆ ಈಗ ಗೆಳತಿ, ಊರಿಗೆ ಬಂದ ಮೇಲೆ ನಾನೇ ಹುಡುಕಿ ವೈಬರ್‌ನಲ್ಲಿ ಮಾತಾಡಿಸಿದ್ದು, ಹೆಸರು ಹೇಳಲ್ಲ. ಪೂರ್ವದಿಂದ ಓಡಿ ಬಂದ ರೋಮಾ ಕುಟುಂಬಗಳಿಗೆ ಅವಳು ಮೊದಲು ಕೇಳೋ ಪ್ರಶ್ನೆ ಹಸಿವಾಗಿದ್ಯಾ ಅಂತ, ಎರಡನೇದು ಕಾಗದ ಏನಿದೆ ಅಂತ. ಖೆರ್ಸೋನ್ ಕಡೆ, ರಷ್ಯಾ ಹಿಡಿತದಲ್ಲಿದ್ದ ಊರುಗಳ ರೋಮಾ ಜನರ ಅನುಭವಗಳನ್ನ ಅವರದ್ದೇ ಸಂಶೋಧಕರು ಕೂತು ಬರೆದಿಡ್ತಿದ್ದಾರೆ, 1941ರಲ್ಲಿ ಯಾರೂ ಬರೆದಿಡಲಿಲ್ಲ, ಈ ಸಲ ಹಾಗಾಗಬಾರದು ಅಂತ. ಯುದ್ಧ ನಡೀತಿರುವಾಗ್ಲೇ! ಆಗಸ್ಟ್ 2 ಬಂದ್ರೆ ಸೈರನ್ ಆಗುತ್ತೋ ಇಲ್ವೋ ಅಂತ ಮೊಬೈಲ್ ನೋಡ್ಕೊಂಡು ಆ ಕಬ್ಬಿಣದ ಗಾಡಿ ಹತ್ರ ಹೂವಿಡ್ತಾರೆ. ಹೊಟ್ಟೆಗೇ ಇಲ್ಲದಾಗ ನೆನಪಿನ ಕಾರ್ಯಕ್ರಮ ಯಾಕೆ ಅಂತ ನಾನು ಗೆಳತಿಗೆ ಕೇಳಿದ್ದೆ. ಅವತ್ತು ನಮ್ಮೋರು ಸತ್ತಿದ್ದು ಯಾರೂ ನೋಡಲಿಲ್ಲ, ಅದಕ್ಕೇ ಇವತ್ತೂ ನಮ್ಮನ್ನ ಯಾರೂ ನೋಡಲ್ಲ, ಅಂದಳು.

ಈಗ ನಿಮ್ಮ ಇಲಾಖೆ ವಿಷಯಕ್ಕೆ ಬರ್ತೀನಿ.

2016ರ ಫೆಬ್ರವರೀಲಿ ದೆಹಲೀಲಿ ಐಸಿಸಿಆರ್, ಅಂದ್ರೆ ನಿಮ್ಮ ಇಲಾಖೆಯ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು, ಅಂತರರಾಷ್ಟ್ರೀಯ ರೋಮಾ ಸಮ್ಮೇಳನ ನಡೆಸಿತು. ಆಗ ನಿಮ್ಮ ಕುರ್ಚೀಲಿದ್ದ ಸುಷ್ಮಾ ಸ್ವರಾಜ್ ಅವರು ರೋಮಾ ಜನ ಭಾರತದ ಮಕ್ಕಳು ಅನ್ನೋ ಅರ್ಥದಲ್ಲಿ ಪ್ರೀತಿಯಿಂದ ಮಾತಾಡಿದ್ರು. ಅದಕ್ಕೂ ಮುಂಚೆ 1976ರಲ್ಲಿ, 1983ರಲ್ಲಿ ಚಂಡೀಗಢದಲ್ಲಿ ರೋಮಾ ಉತ್ಸವಗಳು ಆಗಿದ್ವು, ಇಂದಿರಾ ಗಾಂಧಿ ಅವರೂ ಅಕ್ಕರೆ ತೋರ್ಸಿದ್ರು. 1971ರ ಏಪ್ರಿಲ್ 8ಕ್ಕೆ ಲಂಡನ್ ಹತ್ರ ಸೇರಿದ ಮೊದಲ ವಿಶ್ವ ರೋಮಾ ಕಾಂಗ್ರೆಸ್ ತನ್ನ ನೀಲಿ ಹಸಿರು ಬಾವುಟದ ಮಧ್ಯೆ ಕೆಂಪು ಚಕ್ರ ಇಟ್ಕೊಂಡಿದ್ದೂ ನಮ್ಮ ಚಕ್ರವನ್ನ ನೆನೆಸ್ಕೊಂಡೇ. ಪ್ರೀತಿ ಎರಡೂ ಕಡೆ ಇದೆ, ಸರಿ.

ಆದ್ರೆ ಮಕ್ಕಳು ಅನ್ನೋ ಮಾತನ್ನ ಸ್ವಲ್ಪ ಯೋಚಿಸಿ ಆಡ್ಬೇಕು ಸರ್. 1995ರ ಫೆಬ್ರವರೀಲಿ ಆಸ್ಟ್ರಿಯಾದ ಓಬರ್‌ವಾರ್ಟ್ ಅನ್ನೋ ಊರಲ್ಲಿ ರೋಮಾ ಕೇರಿ ಹತ್ರ ಯಾರೋ ಒಂದು ಬೋರ್ಡ್ ನೆಟ್ಟಿದ್ರು, "ರೋಮಾ ವಾಪಸ್ ಭಾರತಕ್ಕೆ" ಅಂತ ಬರೆದಿತ್ತು. ನಾಲ್ಕು ಜನ ರೋಮಾ ಗಂಡಸರು ಅದನ್ನ ಕೀಳೋಕೆ ಹೋದ್ರು. ಬೋರ್ಡಿಗೆ ಬಾಂಬ್ ಕಟ್ಟಿತ್ತು. ನಾಲ್ಕೂ ಜನ ಸತ್ತರು. ನಮ್ಮ ದೇಶದ ಹೆಸರು ಬರೆದ ಹಲಗೆ ಅವರನ್ನ ಕೊಂದಿದ್ದು. ಈ ಸಂಗತಿ ನಮ್ಮ ಯಾವ ಸ್ಕೂಲಲ್ಲೂ ಹೇಳಿಕೊಡಲ್ಲ, ಓದಿದ ದಿನ ನಂಗೆ ರಾತ್ರಿ ನಿದ್ದೆ ಬರಲಿಲ್ಲ. ಹಾಗಾಗಿ ನೀವು ನಮ್ಮೋರು ಅಂತ ದೆಹಲೀಲಿ ಹೇಳೋದು ಒಂದು ರೀತಿ ಕೇಳಿಸುತ್ತೆ, ಯುರೋಪಿನ ಕೇರೀಲಿ ಬದುಕೋರಿಗೆ ಇನ್ನೊಂದು ರೀತಿ ಕೇಳಿಸುತ್ತೆ. ಅವರು ಉಕ್ರೇನಿನ ಪ್ರಜೆಗಳು, ಝೆಕ್ ಪ್ರಜೆಗಳು, ಜರ್ಮನ್ ಪ್ರಜೆಗಳು, ಅಲ್ಲೇ ಅವರಿಗೆ ಪೂರ್ತಿ ಹಕ್ಕು ಸಿಗ್ಬೇಕು. ಸಂಬಂಧ ಇದ್ರೆ ನೀವು ಅವರ ದೇಶದ ಸರ್ಕಾರದ ಮುಂದೆ ಅವರ ಪಕ್ಕ ನಿಲ್ಲಿ, ಇಲ್ಲಿಗೆ ಕರೆಯೋ ಮಾತು ಬೇಡ.

ಇನ್ನೊಂದು, ಲಂಬಾಣಿಗಳೂ ರೋಮಾಗಳೂ ಒಂದೇ ಜನ ಅಂತ ನಮ್ಮ ಸಮಾಜದ ಸಭೆಗಳಲ್ಲೂ ಹೇಳ್ತಾರೆ, ಕೇಳೋಕೆ ಖುಷಿ ಆಗುತ್ತೆ, ಆದ್ರೆ ಅದು ಸಾಬೀತಾದ ಮಾತಲ್ಲ, ನಾನು ಅದನ್ನ ಹಿಡ್ಕೊಂಡು ಈ ಪತ್ರ ಬರೀತಿಲ್ಲ. ರಕ್ತಸಂಬಂಧ ಇಲ್ಲದಿದ್ರೂ ಅನುಭವದ ಸಂಬಂಧ ಇದೆ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದು ಇಡೀ ಇಡೀ ಜಾತಿಗಳನ್ನ ಹುಟ್ಟಿನಿಂದಲೇ ಕಳ್ಳರು ಅಂತ ಬರೆದ್ರು, ಹಾಜರಿ, ಹೆಬ್ಬೆಟ್ಟು, ಊರು ಬಿಡೋಕೆ ಪಾಸು, ಬಂಜಾರರ ಕೆಲವು ಗುಂಪುಗಳೂ ಆ ಪಟ್ಟಿಗೆ ಸೇರಿದ್ವು. ಸ್ವಾತಂತ್ರ್ಯ ಬಂದು ಐದು ವರ್ಷ ಆದ್ಮೇಲೆ, 1952ರ ಆಗಸ್ಟ್ 31ಕ್ಕೆ ಅದು ಹೋಯ್ತು. ಮ್ಯೂನಿಕ್ ಪೊಲೀಸರ ಫೈಲಿನ ಬಗ್ಗೆ ಓದ್ತಾ ನಂಗೆ ನಮ್ಮಜ್ಜನ ಮಾತು ನೆನಪಾಗ್ತಿತ್ತು, ಊರಲ್ಲಿ ಒಂದು ಮೇಕೆ ಕಳೆದ್ರೂ ಮೊದಲು ತಾಂಡಾಕ್ಕೇ ಬರ್ತಿದ್ರು ಅಂತ. ಆಗಸ್ಟ್ 2 ಅವರದ್ದು, ಆಗಸ್ಟ್ 31 ನಮ್ಮದು, ಒಂದೇ ತಿಂಗಳು.

ಕಳೆದ ವರ್ಷ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿ ಹಾಕ್ಕೊಂಡಿದ್ರು, ಗಿಡಮೂಲಿಕೆ ಎಣ್ಣೆ ಮಾರೋಕೆ ಹೋದೋರು. ಅಲ್ಲಿಗೆ ಯಾಕೆ ಹೋದ್ರು ಇವ್ರು ಅಂತ ಎಷ್ಟು ಜನ ಕಮೆಂಟ್ ಹಾಕಿದ್ರಿ ನೆನಪಿದ್ಯಾ? ನಾನು ಡಾಕ್ಟರ್ ಆಗೋಕೆ ಉಕ್ರೇನ್‌ಗೆ ಹೋದ್ರೆ ಪಾಪ ಹುಡುಗಿ, ಅವರು ಎಣ್ಣೆ ಮಾರೋಕೆ ಸುಡಾನ್‌ಗೆ ಹೋದ್ರೆ ತಪ್ಪು. ಆದ್ರೂ ಆಪರೇಷನ್ ಕಾವೇರೀಲಿ ಅವರು ಬಂದ್ರು, ಯಾಕಂದ್ರೆ ಕೈಲಿ ಪಾಸ್‌ಪೋರ್ಟ್ ಇತ್ತು. ಒಂದು ಸಣ್ಣ ನೀಲಿ ಪುಸ್ತಕ ಅಷ್ಟೇ ಸರ್, ಸ್ಟೇಷನ್ನಿನಲ್ಲಿ ನಂಗೂ ಆ ಹೆಂಗಸಿಗೂ ಇದ್ದ ವ್ಯತ್ಯಾಸ ಅಷ್ಟೇ.

ನಾನು ಕೇಳ್ತಿರೋದು ದೊಡ್ಡದಲ್ಲ. ಈ ಆಗಸ್ಟ್ 2ಕ್ಕೆ ಕೀವ್‌ನಲ್ಲಿರೋ ನಮ್ಮ ರಾಯಭಾರಿಗಳು ಬಾಬಿನ್ ಯಾರ್‌ನ ಆ ಗಾಡಿ ಹತ್ರ ಹೋಗಿ ಒಂದು ಹೂವಿಡಲಿ, ಅದು ಅದೇ ಊರಲ್ಲೇ ಇದೆ, ಭದ್ರತೆ ನೋಡ್ಕೊಂಡೇ ಹೋಗಲಿ, ಭಾಷಣ ಬೇಡ. ಬರ್ಲಿನ್, ಪ್ರಾಗ್, ವಾರ್ಸಾ ರಾಯಭಾರ ಕಚೇರಿಗಳೂ ತಮ್ಮ ತಮ್ಮ ಕಡೆ ಹಾಗೇ ಮಾಡಲಿ. ನಮ್ಮ ಸಂಸತ್ತು ಅವತ್ತು ಎರಡು ನಿಮಿಷ ಎದ್ದು ನಿಲ್ಲಲಿ. ಉಕ್ರೇನ್ 2021ರಲ್ಲಿ ರೋಮಾ ಜನರಿಗಾಗಿ 2030ರವರೆಗಿನ ಯೋಜನೆ ಒಪ್ಪಿಕೊಂಡಿದೆ, ಯುದ್ಧದ ಮಧ್ಯೆ ಅದು ಸೊರಗಬಾರದು. ನೀವು ಅವರ ಸರ್ಕಾರದ ಜೊತೆ ಕೂತು ಮಾತಾಡುವಾಗ ಔಷಧಿ, ಜನರೇಟರ್ ಕಳಿಸೋ ಪಟ್ಟಿಯ ಪಕ್ಕದಲ್ಲಿ ಕಾಗದ ಮಾಡಿಸಿಕೊಡೋ ಕೆಲಸಕ್ಕೂ ಒಂದು ಸಾಲು ಸೇರಿಸಿ, ಆ ಮೀಡಿಯೇಟರ್ ಹೆಣ್ಮಕ್ಕಳ ಸಂಬಳಕ್ಕೆ ನಮ್ಮ ದುಡ್ಡು ಹೋದ್ರೆ ಅದಕ್ಕಿಂತ ಒಳ್ಳೆ ಖರ್ಚು ಇಲ್ಲ. ಐಸಿಸಿಆರ್ ಸ್ಕಾಲರ್‌ಶಿಪ್‌ನಲ್ಲಿ ರೋಮಾ ಹುಡುಗ ಹುಡುಗಿಯರಿಗೆ ಕೆಲವು ಸೀಟು ಇಡಿ. ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ ಇದೆಯಲ್ಲ, ಅಲ್ಲಿ ರೋಮಾನಿ ಭಾಷೆಯ ಜೊತೆ ನಮ್ಮ ಲಂಬಾಣಿ ಮಾತು ಗೋರ್‌ಬೋಲಿಯನ್ನೂ ಕೂರಿಸಿ ಕೆಲಸ ಮಾಡಿಸಿ, ಎರಡಕ್ಕೂ ತಮ್ಮದೇ ಲಿಪಿ ಇಲ್ಲ, ಎರಡೂ ಅಜ್ಜಿಯರ ಬಾಯಲ್ಲೇ ಉಳಿದು ಬಂದಿವೆ.

ಕನ್ನಡದೋರಿಗೆ ಒಂದೇ ಮಾತು. ಜಿಪ್ಸಿ ಅನ್ನೋ ಪದ ಬಿಡಿ, ಅವರು ಈಜಿಪ್ಟಿಂದ ಬಂದೋರು ಅಂತ ತಪ್ಪು ತಿಳ್ಕೊಂಡು ಬೇರೆಯೋರು ಇಟ್ಟ ಹೆಸರು ಅದು. ರೋಮಾ ಅಂತ ಕರೀರಿ, ಇಟಲಿಯ ರೋಮ್ ಊರಿಗೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ಮಕ್ಕಳು ವಿದೇಶಕ್ಕೆ ಓದೋಕೆ ಹೋಗ್ತಿದ್ರೆ ಆ ಕಡೆ ಹೋಗ್ಬೇಡ ಅಂತ ಹೇಳೋ ಸೀನಿಯರ್ ಮಾತನ್ನ ನಂಬ್ಬೇಡಿ ಅಂತ ಹೇಳಿ ಕಳಿಸಿ.

ಸರ್, ಈ ಪತ್ರಕ್ಕೆ ಉತ್ತರ ಬಂದ್ರೆ ನಾನು ಅದನ್ನ ಉಕ್ರೇನಿಯನ್‌ಗೆ ಮಾಡಿ ರಾದ್ವಾಂಕಾದ ಗೆಳತಿಗೆ ಕಳಿಸ್ತೀನಿ, ಅವಳು ಅಲ್ಲಿನ ಅಜ್ಜಿಯರಿಗೆ ರೋಮಾನಿಯಲ್ಲಿ ಓದಿ ಹೇಳ್ತಾಳಂತೆ. ಆಗಸ್ಟ್ 2ಕ್ಕೆ ಇನ್ನೂ ಕೆಲವು ದಿನ ಇವೆ.

ಇಂತಿ,
ಹಾವೇರಿ ಜಿಲ್ಲೆಯ ಒಬ್ಬ ತಾಂಡಾ ಹುಡುಗಿ